ಹಾಜರಾತಿ ಕೊರತೆ

ಹಾಲ್ ಟಿಕೆಟ್ ಕೇಳಲು ಬಂದ ಮಹಾನಂದಾಳ ಮುಂದೆ ಪ್ರಾಧ್ಯಾಪಕರು ಹಾಜರಿ ಪುಸ್ತಕ ತೆರೆದಿಟ್ಟರು.

"ಸ್ವಯಂ ಉದ್ಯೋಗದ ವಿಷಯದಾಗ ನಿನ್ನ ಹಾಜರಾತಿ ನಲವತ್ತು ಪರ್ಸೆಂಟ್ ಐತಿ. ಎಪ್ಪತ್ತೈದು ಇರಬೇಕವಾ."

"ನಿಮ್ಮ ಕ್ಲಾಸ್ ಇರೋ ಹೊತ್ತಿಗೇ ಹಾಸ್ಟೆಲಿಗೆ ರೊಟ್ಟಿ ಮುಟ್ಟಿಸಬೇಕಾಗತೈತ್ರಿ ಸರ್. ಈಗ ಮೂರು ಮಂದಿ ಹೆಣ್ಮಕ್ಕಳು ನನ್ನ ಕಡೆ ಕೆಲಸಕ್ಕ ಅದಾರ."

"ಜ್ವರ ಬಂದಿತ್ತು ಅಂತ ಡಾಕ್ಟರ್ ಚೀಟಿ ತಂದಿದ್ರ ಏನರ ಮಾಡಬಹುದಿತ್ತು. ರೊಟ್ಟಿಗೆ ಯಾರು ಚೀಟಿ ಕೊಡ್ತಾರ?"

"ಓದಕೋತನ ಸಣ್ಣದೊಂದು ಉದ್ಯೋಗ ಶುರು ಮಾಡ್ರಿ ಅಂತ ನೀವ ಹೇಳಿದ್ರಲ್ರಿ."

ಪ್ರಾಧ್ಯಾಪಕರು ಕನ್ನಡಕ ತೆಗೆದು ಒರೆಸುತ್ತ ಕುಳಿತರು.

"ಹೇಳಿದ್ದೆ. ಸಿಲೆಬಸ್‌ನಾಗ ಐತಿ, ಹೇಳಿದೆ. ರೂಲು ನನ್ನ ಕೈಯಾಗ ಇಲ್ಲವಾ."

ಅವಳು ಹಾಲ್ ಟಿಕೆಟ್ ಇಲ್ಲದೆ ಹೊರಟುಹೋದಳು. ಅವಳನ್ನು ಬಿಟ್ಟು ಉಳಿದ ಐವತ್ತೆರಡು ಮಂದಿ ಪರೀಕ್ಷೆ ಬರೆದರು.

ವಾರದ ನಂತರ ಪ್ರಾಧ್ಯಾಪಕರು ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದರು. ಕೊನೆಯ ಪ್ರಶ್ನೆಗೆ ಇಪ್ಪತ್ತು ಅಂಕ: 'ನೀವು ಕಣ್ಣಾರೆ ಕಂಡ ಒಬ್ಬ ಸ್ವಯಂ ಉದ್ಯೋಗಿಯ ಕೌಶಲಗಳನ್ನು ವಿವರಿಸಿ.'

ಐವತ್ತೆರಡು ಮಂದಿಯೂ ಮಹಾನಂದಾಳ ಬಗ್ಗೆಯೇ ಬರೆದು ಪಾಸಾದರು.