ಸಾಯದ ಕಾರ್ಡು

ಆರ್ಡಿಸ್ ತನ್ನ ಬ್ಯಾಂಕ್ ಕಾರ್ಡನ್ನು ಕತ್ತರಿಯಿಂದ ಎರಡು ತುಂಡು ಮಾಡಿದಳು. ಸಮಾಧಾನವಾಗಲಿಲ್ಲ. ನಾಲ್ಕು ಮಾಡಿದಳು. ಅದು ಮೇ ತಿಂಗಳ ಕೊನೆಯ ದಿನ, ಕಾರ್ಡಿನ ಅವಧಿ ಮುಗಿಯುವ ದಿನ. ಬಾಯಿಬಿಟ್ಟು ಒಂದು ಮಾತು ಹೇಳಲಾರದೆ, ಈ ದಿನಕ್ಕಾಗಿ ಅವಳು ಮೂರು ವರ್ಷ ಕಾದಿದ್ದಳು.

ಹೇಳಬೇಕಾಗಿದ್ದದ್ದು ವರ್ನಾಳಿಗೆ. ವರ್ನಾ ಮನೆಯಲ್ಲೇ ಬೀಟ್ರೂಟಿನ ಉಪ್ಪಿನಕಾಯಿ ಹಾಕಿ, ಚಂದಾದಾರರಿಗೆ ತಿಂಗಳಿಗೆ ಆರಾರು ಬಾಟಲಿ ಕಳಿಸುತ್ತಿದ್ದಳು. ಹತ್ತನೇ ತಾರೀಕಿಗೆ ಕಾರ್ಡಿನಿಂದ ಮೂವತ್ತೆಂಟು ಡಾಲರ್ ತಾನಾಗಿಯೇ ಹೋಗುತ್ತಿತ್ತು. ಹನ್ನೆರಡಕ್ಕೆ ಪೆಟ್ಟಿಗೆ ಬಾಗಿಲಲ್ಲಿರುತ್ತಿತ್ತು. ಆರ್ಡಿಸಳ ನೆಲಮಾಳಿಗೆ ಬಾಟಲಿಗಳಿಂದ ತುಂಬಿಹೋಗಿತ್ತು. ಡಾಕ್ಟರು ಉಪ್ಪು ಬಿಡಿಸಿದ್ದರು. ನಾಯಿ ಮೂಸಿ ಮುಖ ತಿರುಗಿಸಿತ್ತು.

ಬೇಡ ಅಂದುಬಿಟ್ಟರೆ ಆಯಿತಲ್ಲ? ಸೌತ್ ಡಕೋಟಾದ ಆ ಊರಿನಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ಬೇಡದ್ದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ‘ಎಷ್ಟು ಚೆನ್ನಾಗಿದೆ’ ಎಂದು ಮನೆಗೆ ಒಯ್ಯುತ್ತಾರೆ. ಭಾನುವಾರ ಚರ್ಚು ಮುಗಿದು ಕಾಫಿಗೆ ಕೂತರೆ ಎಲ್ಲರೂ ವರ್ನಾಳ ಕೈರುಚಿ ಹೊಗಳುವವರೇ. ಅಷ್ಟು ಜನ ಮೆಚ್ಚುವಾಗ ತಾನೊಬ್ಬಳು ಹೇಗೆ ಬಿಡುವುದು? ಗಂಡ ತೀರಿಕೊಂಡ ಮೇಲೆ ಚರ್ಚಿನ ಬೆಂಚಿನಲ್ಲಿ ಆರ್ಡಿಸಳ ಪಕ್ಕ ಕೂರುವವಳು ವರ್ನಾ ಒಬ್ಬಳೇ. ಅವಳು ಮುನಿಸಿಕೊಂಡು ಬೇರೆ ಬೆಂಚಿಗೆ ಹೋದರೆ?

ಕಾರ್ಡೇ ಸತ್ತರೆ ಅದು ಯಾರ ತಪ್ಪೂ ಅಲ್ಲ.

ಜೂನ್ ಹನ್ನೆರಡಕ್ಕೆ ಪೆಟ್ಟಿಗೆ ಬಂತು.

ಆರ್ಡಿಸ್ ಕಾರು ತೆಗೆದು ನಗರದ ದೊಡ್ಡ ಬ್ಯಾಂಕಿಗೆ ಹೋದಳು. ಟ್ರೆವರ್ ಎಂಬ ನಗುಮುಖದ ಗುಮಾಸ್ತ ಕುರ್ಚಿ ಎಳೆದುಕೊಟ್ಟ.

“ಹಳೇ ಕಾರ್ಡು ಮುಗೀತಿದ್ದ ಹಾಗೇ ಹೊಸದರ ವಿವರ ನಾವೇ ಮಾರೋರಿಗೆ ಕಳಿಸಿಬಿಡ್ತೀವಿ ಮೇಡಂ. ನೀವು ಬೆರಳೂ ಅಲ್ಲಾಡಿಸಬೇಕಿಲ್ಲ.”

“ಹಾಗೆ ಮಾಡಿ ಅಂತ ನಾನು ಕೇಳಿರಲಿಲ್ಲವಲ್ಲಪ್ಪಾ.”

“ಕೇಳೋ ತೊಂದರೆನೂ ನಿಮಗೆ ಬೇಡ ಅಂತಲೇ!” ಟ್ರೆವರ್ ಮುಂದಕ್ಕೆ ಬಾಗಿದ. “ನಿಮ್ಮೂರಿನ ಸಹಕಾರಿ ಬ್ಯಾಂಕಿನಲ್ಲಿ ಈ ಸವಲತ್ತು ಇಲ್ಲ ನೋಡಿ. ಅಲ್ಲಿ ಕಾರ್ಡು ಮುಗೀತು ಅಂದ್ರೆ ಮುಗೀತು.”

“ಅಯ್ಯೋ ಪಾಪ,” ಎಂದಳು ಆರ್ಡಿಸ್, ಹೊಟ್ಟೆಕಿಚ್ಚಿನಿಂದ. ಎರಡು ಸಲ ಥ್ಯಾಂಕ್ಸ್ ಹೇಳಿ ಹೊರಬಂದಳು.

ಜುಲೈಯಲ್ಲಿ ಕಾರ್ಡು ಕಳೆದುಹೋಯಿತೆಂದು ಸುಳ್ಳು ಹೇಳಿದಳು. ಕಿವಿ ಕೆಂಪಾದವು. ಹೊಸ ನಂಬರಿನ ಕಾರ್ಡು ಬಂತು. ಆಗಸ್ಟ್ ಹನ್ನೆರಡಕ್ಕೆ ಪೆಟ್ಟಿಗೆಯೂ ಬಂತು.

“ಕಳೆದುಹೋದ ಕಾರ್ಡಿಗೂ ಈ ಸೇವೆ ಇದೆ ಮೇಡಂ!” ಎಂದು ಟ್ರೆವರ್ ಫೋನಿನಲ್ಲೇ ಹಿಗ್ಗಿದ.

“ಒಂದೇ ಒಂದನ್ನ ತಡೆಯೋಕೆ ಆಗಲ್ವಾ?”

“ಸುಲಭ. ಮೊದಲು ಮಾರೋರಿಗೆ ನೀವೊಂದು ಮಾತು ಹೇಳಿಬಿಡಿ, ಅಷ್ಟೇ.”

ಆ ಭಾನುವಾರ ಬೆಂಚಿನಲ್ಲಿ ವರ್ನಾಳ ಬೆರಳತುದಿಗಳು ಬೀಟ್ರೂಟಿನ ಬಣ್ಣಕ್ಕಿದ್ದವು. ಮಣಿಕಟ್ಟಿಗೆ ಪಟ್ಟಿ ಬಿಗಿದಿತ್ತು.

“ಮಗಳು ಅರಿಜೋನಾಕ್ಕೆ ಬಂದುಬಿಡು ಅಂತಾಳೆ,” ಎಂದು ಪಿಸುಗುಟ್ಟಿದಳು. “ಅವಳಿ ಮಕ್ಕಳು, ಒಬ್ಬಳಿಗೇ ಆಗ್ತಿಲ್ಲ. ಹೇಗೆ ಹೋಗ್ಲಿ ಹೇಳು? ನನ್ನ ಬೀಟ್ರೂಟು ನಂಬಿಕೊಂಡಿರೋರು ಇರುವಾಗ.”

“ಹೌದೌದು, ಅದೂ ಇದೆ,” ಎಂದಳು ಆರ್ಡಿಸ್.

“ನೀನಂತೂ ಬಿಡೋಳೇ ಅಲ್ಲ,” ಎಂದು ವರ್ನಾ ಅವಳ ಕೈ ಅದುಮಿದಳು. ಆರ್ಡಿಸಳಿಗೆ ತಾನೆಂಥ ದ್ರೋಹಿ ಅನ್ನಿಸಿ, ಮುಂದಿನ ಕೀರ್ತನೆಯ ಪುಟವೇ ಸಿಗಲಿಲ್ಲ.

ಸೆಪ್ಟೆಂಬರಿನ ಪೆಟ್ಟಿಗೆಯನ್ನು ಒಳಗೆ ಎಳೆಯುವಾಗ ಅವಳ ಸೊಂಟ ಹಿಡಿಯಿತು. ಮರುದಿನ ಬೆಳಿಗ್ಗೆ ನೇರ ವರ್ನಾಳ ಅಡುಗೆಮನೆಗೆ ಹೋದಳು. ಒಲೆಯ ಮೇಲೆ ಹಂಡೆಯಷ್ಟು ದೊಡ್ಡ ಪಾತ್ರೆ ಕುದಿಯುತ್ತಿತ್ತು. ಮೊದಲು ಹವಾಮಾನದ ಮಾತಾಯಿತು. ಆಮೇಲೆ ಜೋಳದ ಬೆಳೆ, ಪಾದ್ರಿಯವರ ಮೊಣಕಾಲಿನ ಆಪರೇಷನ್. ‘ಬರ್ತೀನಿ ಹಾಗಾದ್ರೆ’ ಎಂದು ಎದ್ದು, ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಇನ್ನೂ ಅರ್ಧ ಗಂಟೆ ನಿಂತಳು. ಕೊನೆಗೆ ತನ್ನ ಬೂಟುಗಳನ್ನೇ ನೋಡುತ್ತ ಹೇಳಿಬಿಟ್ಟಳು:

“ವರ್ನಾ, ನಂಗೆ ಬೀಟ್ರೂಟು ಬೇಡ ಕಣೇ. ಯಾವತ್ತೂ ಬೇಕಿರಲಿಲ್ಲ.”

ಮುಗಿಯಿತು, ಎಂದುಕೊಂಡಳು ಆರ್ಡಿಸ್. ವರ್ನಾ ಒಲೆ ಆರಿಸಿದಳು. ಏಪ್ರನ್ ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದಳು. ಕೂತಳು.

“ಮಿಕ್ಕವರದೆಲ್ಲ ಸಹಕಾರಿ ಬ್ಯಾಂಕಿನ ಕಾರ್ಡು, ಸತ್ತು ವರ್ಷದ ಮೇಲಾಯ್ತು. ನಿನ್ನದೂ ಒಂದು ಸತ್ತರೆ ಮಗಳ ಹತ್ರ ಹೊರಟುಬಿಡೋಣ ಅಂತ ನಾನು ಕಾಯ್ತಾ ಕೂತಿದ್ರೆ, ಮಾರಾಯ್ತಿ, ಪ್ರತಿ ಸಲ ಹೊಸ ನಂಬರು ಕಳಿಸ್ತಿದ್ದೆಯಲ್ಲೇ ನೀನು!”