ಬಲಗಡೆಯ ಗುಂಡಿ

"ಹೊಸಾ ಡಿಸೈನ್ ಎಲ್ಲಾ ವೆಬ್‌ಸೈಟಿಗೂ ಹೋತು ನೋಡ್ರಿ ಮೇಡಂ," ಎಂದು ಹಾಲೇಶ ಕುರ್ಚಿ ತಿರುಗಿಸಿದ. ರಾಯಚೂರಿನ ಆ ಪುಟ್ಟ ಕಚೇರಿಯಲ್ಲಿ ಚಪ್ಪಾಳೆ ಬಿತ್ತು. ತಂಡಕ್ಕೊಂದು ರೀತಿಯಲ್ಲಿದ್ದ ಗುಂಡಿಗಳನ್ನೆಲ್ಲ ಯಶೋದಾ ಕಂಪನಿಯ ಡಿಸೈನ್ ಲೈಬ್ರರಿಯಲ್ಲಿ ಒಂದೇ ಅಚ್ಚಿಗೆ ತಂದಿದ್ದಳು. ಇನ್ನು ಎಲ್ಲೆಡೆ 'ಖಚಿತ' ಎಡಕ್ಕೆ, 'ರದ್ದು' ಬಲಕ್ಕೆ. ಆಸ್ಪತ್ರೆಯ ಪಾಳಿ ಕಾಯ್ದಿರಿಸುವ ಸೈಟಿನಲ್ಲಿ ಮಾತ್ರ ಇಷ್ಟು ದಿನ ಅದು ಉಲ್ಟಾ ಇತ್ತು.

ಅಷ್ಟರಲ್ಲಿ ಜಾಲಹಳ್ಳಿಯಿಂದ ಅವ್ವನ ಫೋನು ಬಂತು. "ಯಶೋದಾ, ನಾಳಿನ ಡಯಾಲಿಸಿಸ್ ಪಾಳಿ ಈಗ ಮೊಬೈಲಿನಾಗ ನಾನಾ ಒತ್ತಿ ಗಟ್ಟಿ ಮಾಡೀನಿ."

ಯಶೋದಾಳ ಕೈ ಮೌಸಿನ ಮೇಲೆಯೇ ನಿಂತಿತು. ರದ್ದಾದ ಪಾಳಿ ಆ ಕ್ಷಣವೇ ಕಾಯುತ್ತಿರುವ ಬೇರೊಬ್ಬರಿಗೆ ಹೋಗಿಬಿಡುತ್ತದೆ. "ಯಾವ ಗುಂಡಿ ಒತ್ತಿದಿ ಯವ್ವಾ?"

"ನೀ ಕಲಿಸಿದ್ದಾ, ಬಲಗಡೀದು," ಅವ್ವ ನಕ್ಕಳು. "ಕನ್ನಡಕ ಸೈತ ಹಾಕ್ಕೊಳ್ಳಲಿಲ್ಲ ನೋಡು."