ಅಕ್ಕನಾಗಮ್ಮನ ಹತ್ತು ನಿಮಿಷ

"ಎಲ್ಲಿಗೆ ಹೊಂಟಿ, ಅಕ್ಕನಾಗಮ್ಮಾ?"

ಮನೆಯಿಂದ ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಇದು ಐದನೆಯ ಸಲ. ಅಕ್ಕನಾಗಮ್ಮನಿಗೆ ರೇಗಿಹೋಯಿತು. ಆದರೆ ಕೇಳಿದವರು ಕೊನೆಯ ಮನೆಯ ಸುವರ್ಣಮ್ಮ, ವಯಸ್ಸಿನಲ್ಲಿ ಹಿರಿಯರು. "ಎಲ್ಲಿಗೂ ಇಲ್ಲ ದೊಡ್ಡವ್ವಾ, ಹಂಗ ಅಡ್ಡಾಡಾಕ," ಎಂದಳು.

"ಹಂಗ ಅಡ್ಡಾಡಾಕಾ? ಕೈಯಾಗ ಕೊಡ ಇಲ್ಲ, ಬುಟ್ಟಿ ಇಲ್ಲ. ಹಂಗ ಅಡ್ಡಾಡೋದು ನಾಯಿ, ಮನಷ್ಯಾರಲ್ಲ. ಈ ದಾರ್‍ಯಾಗ ಮುಂದ ಏನೈತಿ? ಕಾಲುವಿ ಐತಿ." ಸುವರ್ಣಮ್ಮ ಕಟ್ಟೆಯಿಂದ ಇಳಿದು ಅವಳ ರಟ್ಟೆ ಹಿಡಿದರು. "ಗಂಡ ಏನಂದ, ಹೇಳು."

ಗಂಡ ಏನೂ ಅಂದಿರಲಿಲ್ಲ. ಅಂದವರು ಡಾಕ್ಟರು. ಹೋದ ವಾರ ರೊಟ್ಟಿ ಬಡಿಯುತ್ತ ಕೂತವಳಿಗೆ ಮೂಗಿನಿಂದ ರಕ್ತ ಸುರಿದು ಹಿಟ್ಟೆಲ್ಲ ಕೆಂಪಾಗಿತ್ತು. ಮದರಾಸಿನಲ್ಲಿ ಓದಿ ಬಂದ ಡಾಕ್ಟರು ತೋಳಿಗೆ ರಬ್ಬರಿನ ಪಟ್ಟಿ ಸುತ್ತಿ, ಗಾಳಿ ಹೊಡೆದು, ಪಾದರಸ ಏರಿದ್ದು ನೋಡಿ ಮುಖ ಗಂಟಿಕ್ಕಿದ್ದರು. ರಕ್ತದ ಒತ್ತಡ ಮಿತಿ ಮೀರಿದೆ; ಮೂಗಿನಲ್ಲಿ ಒಡೆದದ್ದೇ ಪುಣ್ಯ, ಮುಂದಿನ ಸಲ ತಲೆಯೊಳಗೆ ಒಡೆದರೆ ಕೈಕಾಲು ಬಿದ್ದುಹೋಗುತ್ತವೆ. ಉಪ್ಪು ಬಿಡಿ, ಮೂರು ಹೊತ್ತೂ ಉಂಡ ಮೇಲೆ ಹತ್ತು ನಿಮಿಷ ನಡೆಯಿರಿ. ಬರೀ ಹತ್ತು ನಿಮಿಷ! ಡಾಕ್ಟರಿಗೇನು, ಹೇಳಿಬಿಟ್ಟರು. ಹೊಸಪೇಟೆಯ ಬೀದಿಯಲ್ಲಿ ಹೆಂಗಸೊಬ್ಬಳು ಬರಿಗೈಲಿ ಹತ್ತು ನಿಮಿಷ ನಡೆಯುವುದೆಂದರೆ ಏನೆಂದು ಅವರಿಗೆ ಯಾವ ಕಾಲೇಜಿನಲ್ಲೂ ಕಲಿಸಿರಲಿಲ್ಲ.

ಸುವರ್ಣಮ್ಮ ಇದನ್ನೆಲ್ಲ ಕೇಳಿದರು, ಒಂದಕ್ಷರ ನಂಬಲಿಲ್ಲ. ರಟ್ಟೆ ಬಿಡದೆ ಮನೆಗೆ ಎಳೆತಂದು, ಅಂಗಡಿಯಿಂದ ಊಟಕ್ಕೆ ಬಂದಿದ್ದ ಗಂಡ ಗಾದಿಲಿಂಗಪ್ಪನ ಮುಂದೆ ನಿಲ್ಲಿಸಿದರು.

"ಏನಂದ್ಯಪ್ಪ ಈಕಿಗೆ? ಕಾಲುವಿ ಕಡೆ ಹೊಂಟಿದ್ಲು."

"ನಾ ಏನೂ ಅಂದಿಲ್ರೀ. ಡಾಕ್ಟ್ರು ಅಡ್ಡಾಡು ಅಂದಾರ."

"ಡಾಕ್ಟ್ರ ಮ್ಯಾಲೆ ಹಾಕಬ್ಯಾಡ. ಒದರಾಡಿಕೊಂಡು ಹೋಗಾಕಿ ತಿರುಗಿ ಬರ್ತಾಳ. ಸುಮ್ಮನ ಎಲ್ಲಿಗೂ ಇಲ್ಲ ಅಂತ ಹೋಗಾಕೀನ ನೀರುಪಾಲಾಗೋದು."

ನಾಲ್ಕು ದಿನ ಇದೇ ಗೋಳು. ಯಾರಾದರೊಬ್ಬರು ಅವಳನ್ನು ಹಿಡಿದು ತರುವುದು, ಗಾದಿಲಿಂಗಪ್ಪನಿಗೆ ಬುದ್ಧಿ ಹೇಳುವುದು. ಅಂಗಡಿಗೆ ಬಂದ ಗಿರಾಕಿಗಳೂ "ಹೊಂದಿಕೊಂಡು ಹೋಗ್ರಿ" ಎನ್ನತೊಡಗಿದಾಗ ಅವನು ತಲೆ ಚಚ್ಚಿಕೊಂಡ.

"ಹಿತ್ತಲದಾಗ ಅಡ್ಡಾಡು, ಕೈ ಮುಗೀತೀನಿ."

"ಒಲಿಯಿಂದ ಹಿತ್ತಲಕ್ಕ, ಹಿತ್ತಲದಿಂದ ಒಲಿಗೆ ಮೂವತ್ತು ವರ್ಷ ಅಡ್ಡಾಡೀನಿ. ಹಂಗ ಅಡ್ಡಾಡೇ ಈ ಪಾದರಸ ಏರೇತಿ," ಎಂದಳು.

ಮರುದಿನ ಮತ್ತೆ ಮೂಗಿನಲ್ಲಿ ರಕ್ತ ಜಿನುಗಿತು. ಇಬ್ಬರಿಗೂ ಹೆದರಿಕೆಯಾಯಿತು. ಆಗ ಅವಳಿಗೆ, ಒದರಾಡಿಕೊಂಡು ಹೋಗಾಕಿ ತಿರುಗಿ ಬರ್ತಾಳ ಎಂಬ ಸುವರ್ಣಮ್ಮನ ಮಾತು ನೆನಪಾಗಿ, "ನೀವು ನನ್ನ ಬೈರಿ," ಎಂದಳು.

"ಏನಂತ?"

"ಏನರ ಅನ್ರಿ. ಸಾರು ಸಪ್ಪಗೈತಿ ಅನ್ರಿ."

"ಸಾರು ಸಪ್ಪಗೈತಿ," ಎಂದ ಗಾದಿಲಿಂಗಪ್ಪ, ಮೆಲ್ಲಗೆ.

ಅಕ್ಕನಾಗಮ್ಮ ತಾಟನ್ನು ನೆಲಕ್ಕೆ ಬಡಿದಳು. "ಈ ಮನ್ಯಾಗ ಒಂದು ಗಳಿಗಿ ಇರಂಗಿಲ್ಲ ನಾನು!" ಎಂದು ಬೀದಿಗೆಲ್ಲ ಕೇಳುವಂತೆ ಒದರಿ ಹೊರಟಳು. ಒಬ್ಬರೂ ತಡೆಯಲಿಲ್ಲ. ಸುವರ್ಣಮ್ಮನಂತೂ ಚಾಚಿದ ಕಾಲನ್ನು ಎಳೆದುಕೊಂಡು ದಾರಿ ಬಿಟ್ಟರು. "ಸಿಟ್ಟಿಳಿದ ಮ್ಯಾಲೆ ಬರ್ತಾಳ, ಬಿಡ್ರಿ." ಅಕ್ಕನಾಗಮ್ಮ ಕಾಲುವೆಯ ತನಕ ಬೀಸು ಹೆಜ್ಜೆ ಹಾಕಿ, ಬೇವಿನ ನೆರಳಲ್ಲಿ ತಿರುಗಿ, ಆರಾಮಾಗಿ ಬಂದಳು.

ಸಾರಿನ ಜಗಳ ಎರಡು ದಿನಕ್ಕೆ ಹಳಸಿತು. ಮೂರು ಹೊತ್ತೂ ಹೊಸ ಜಗಳ ಎಲ್ಲಿಂದ ತರುವುದು? ಹುಡುಕುತ್ತ ಹುಡುಕುತ್ತ ಅವಳು ಮದುವೆಯ ದಿನಕ್ಕೇ ಹೋಗಿ, ಅಲ್ಲಿಂದ ಶುರುವಿಟ್ಟುಕೊಂಡಳು. ಅತ್ತೆ ಕಿತ್ತುಕೊಂಡ ಸೀರೆ ಬಂತು, ನಾದಿನಿಯ ಚಾಡಿ ಬಂತು. ಒಂದು ಮಧ್ಯಾಹ್ನ ಒದರುವುದನ್ನೇ ಮರೆತು ಸಣ್ಣ ದನಿಯಲ್ಲಿ ಹೇಳಿದಳು:

"ಲಗ್ನಾಗಿ ಮೂರನೇ ವರ್ಷ. ತವರೂರು ಕಂಪ್ಲ್ಯಾಗ ನಮ್ಮವ್ವ ಹಾಸಿಗಿ ಹಿಡಿದಿದ್ಲು. ಕಳಸ್ರಿ ಅಂದ್ರ, ಹಬ್ಬ ಮುಗೀಲಿ ಅಂದ್ರಿ. ಹಬ್ಬ ಮುಗಿಯೂದ್ರಾಗ ಆಕೀನ ಮುಗಿದುಹೋದ್ಲು."

ಗಾದಿಲಿಂಗಪ್ಪ ಹಿಡಿದ ತುತ್ತನ್ನು ತಿರುಗಿ ತಾಟಿಗಿಟ್ಟ. ಈ ಜಗಳವನ್ನು ಅವರು ಮೊದಲೇ ಮಾತಾಡಿಕೊಂಡಿರಲಿಲ್ಲ. ಅವಳು ಕಣ್ಣೊರೆಸಿಕೊಂಡು ಹೊರಟಳು. ಅವತ್ತು ಹಿಂತಿರುಗಲು ಅರ್ಧ ಗಂಟೆಯೇ ಆಯಿತು.

ತಿಂಗಳಾದ ಮೇಲೆ ಡಾಕ್ಟರು ಮತ್ತೆ ಪಟ್ಟಿ ಸುತ್ತಿ ನೋಡಿದರು. ಪಾದರಸ ಸಾಕಷ್ಟು ಇಳಿದಿತ್ತು.

"ಭೇಷ್! ಇನ್ನ ಮೂರು ಹೊತ್ತು ಬ್ಯಾಡ್ರಿ. ಒಂದು ಹೊತ್ತು ಅಡ್ಡಾಡಿದ್ರ ಸಾಕು."

ಪಕ್ಕದಲ್ಲಿ ನಿಂತಿದ್ದ ಗಾದಿಲಿಂಗಪ್ಪ ದೊಡ್ಡದಾಗಿ ಉಸಿರು ಬಿಟ್ಟ.

"ಮೂರು ಹೊತ್ತೂ ಇರ್ಲಿ ಬಿಡ್ರಿ ಡಾಕ್ಟ್ರೇ," ಎಂದಳು ಅಕ್ಕನಾಗಮ್ಮ. "ನಾ ಈಗಿನ್ನಾ ನಾಕನೇ ವರ್ಷಕ್ಕ ಬಂದೀನಿ."